ಬಾಜೂನ ತುಂಡಿನ ಹಸಿ

…ಅಲ್ಲ, ನಿಂದು ಹೊಟ್ಟಿಕಿಚ್ಚು ಅಲ್ಲವಾ ಸ್ಫೂರ್ತಿ, ಅದು ಬರೇ ಸಿಟ್ಟು. ನಾಳಿ ಮುಂಜಾನಿ ಹೊತ್ತಿಗೆ ಹೋಗ್ತೈತಿ. ಮಣ್ಣಾಗ ಎಷ್ಟು ಹಸಿ ಐತಿ ಅಂತ ತೋರಸೂ ಆ ಕಡ್ಡಿ ನಿಮ್ಮ ಟೀಚರು ನಿನ್ನ ಕೈಯಾಗ ಕೊಡಲಿಲ್ಲ, ನಿನ್ನ ಗೆಳತಿ ಕೈಯಾಗ ಕೊಟ್ರು. ಆಕಿ ಸಾಲಿ ಹಿಂದಿನ ಮಡಿಯೊಳಗ ಅದನ್ನ ಚುಚ್ಚಿ ನಂಬರ ಓದಿದ್ಲು, ನೀ ಬಾಜೂಕ ನಿಂತು ಬರಕೊಂಡಿ. ಅಷ್ಟ, ಹೌದಿಲ್ಲೋ? ಅದಕ್ಕ ರೊಟ್ಟಿ ಬಿಟ್ಟು ಕಟ್ಟಿ ಮ್ಯಾಲ ಬಂದು ಕುಂತಿ. ನಂದು ಕೇಳು. ನಂದು ಈಗೂ ಆರಿಲ್ಲ. ನಿಮ್ಮ ಅಜ್ಜಾರ ಮುಂದ ಸುದ್ದಾ ಪೂರ್ತಿ ಹೇಳಿಲ್ಲ. ಇಲ್ಲ, ಹೇಳೀನಿ, ಅವರು ಅರ್ಧಕ್ಕ ನಿದ್ದಿ ಹೋದ್ರು.

ಧಾರವಾಡದಾಗ ಬಿ.ಎಸ್ಸಿ. ಮುಗಿಸಿದ್ದೆ ನಾನು. ನಮ್ಮೂರು ಬಮ್ಮಿಗಟ್ಟಿ ನಿನಗ ಗೊತ್ತೈತಿ, ಕಲಘಟಗಿ ಕಡೆ, ಕೆಂಪು ಮಣ್ಣು, ಭತ್ತ, ಕಬ್ಬು, ಊರು ದಾಟಿದ್ರ ಅಡವಿ. ಮೊದಲ ನೌಕರಿ ಸಿಕ್ಕಿದ್ದು ಮಾತ್ರ ಯರಗುಪ್ಪಿ ಹತ್ತಿರ ಒಂದು ಹಳ್ಳಿ ಸಾಲ್ಯಾಗ, ವಿಜ್ಞಾನ ಕಲಸೂದು. ಅಲ್ಲಿ ಎಲ್ಲಾ ಎರಿ ಹೊಲ, ಕರಿ ಮಣ್ಣು. ನೆರಳಿಗೆ ಗಿಡಾ ಹುಡುಕಬೇಕು. ಮಳಿ ಬಂದ್ರ ಚಪ್ಪಲಿ ಕಾಲಾಗ ಇರೂದಿಲ್ಲ, ಕೈಯಾಗ ಇರತಾವು, ಒಂದೊಂದು ಹೆಜ್ಜಿಗೆ ಮಣ್ಣು ಅಂಟಿ ಅಂಟಿ ಮನಶ್ಯಾನ ಕಾಲು ಆನಿ ಕಾಲು ಆಗ್ತೈತಿ. ಪಗಾರ ಬಂದ್ರ ಬಂತು, ಇಲ್ಲಂದ್ರ ಇಲ್ಲ. ನೀರು ಕೆರಿಯಿಂದ ಹೊತ್ತು ತರಬೇಕು. ಸಂಜಿಕೆ ರೊಟ್ಟಿ, ಶೇಂಗಾ ಹಿಂಡಿ. ಮುಂಜಾನೆ ಅದ ರೊಟ್ಟಿ, ಅದ ಹಿಂಡಿ. ಅದೆಲ್ಲಾ ತಡಕೊಂಡೆ. ಯಾಕಂದ್ರ ನಮ್ಮ ಅಣ್ಣ ಒಂದ ಮಾತು ಹೇಳಿ ಕಳಿಸಿದ್ದ: ಒಂದು ವರ್ಷ ಕೊಡ್ತೀನಿ, ನೌಕರಿ ಕಾಯಂ ಆತಂದ್ರ ನಿನ್ನ ಹಾದಿ ನಿಂದು, ಆಗಲಿಲ್ಲಂದ್ರ ಮನಿಗೆ ಬಾ, ನಾ ತೋರಿಸಿದಲ್ಲಿ ಮದುವಿ ಆಗು. ಅಣ್ಣ ಕೆಟ್ಟಾಂವ ಅಲ್ಲ. ಹೇಳಿದ್ದನ್ನ ಮಾಡಾಂವ, ಅದ ತ್ರಾಸು.

ತಡಕೊಳ್ಳಾಕ ಆಗದ್ದು ಅಂದ್ರ ಮೆಹರುನ್. ಅದ ಸಾಲ್ಯಾಗ ಅದ ವಿಜ್ಞಾನಕ್ಕ ಇನ್ನೊಬ್ಬಾಕಿ ಟೀಚರ. ಇಬ್ಬರೂ ತಾತ್ಪೂರ್ತಿಕ, ಕಾಯಂ ಆಗೂದು ಒಬ್ಬಾಕಿದು. ಆಕಿ ಅದ ಊರಾಕಿ, ಅವರಪ್ಪಗ ಅಲ್ಲೇ ಹೊಲ ಇತ್ತು. ಅಷ್ಟ ಅಲ್ಲ, ಧಾರವಾಡದಾಗ ನನ್ನ ಕ್ಲಾಸಿನ್ಯಾಕಿ. ಅಲ್ಲೂ ಹಂಗ, ನಾ ಬೆಳತನಕ ಓದಿದ್ರ ಆಕಿ ನಕ್ಕೋತ ಬಂದು ನನಗಿಂತ ಒಂದು ಬೆರಳು ಮ್ಯಾಲ ನಿಲ್ಲಾಕಿ. ಇಲ್ಲಿ ಸಾಲ್ಯಾಗ ಹುಡುಗರು ನನ್ನ ಕಂಡ್ರ ಎದ್ದು ನಿಲ್ಲೂವು, ಆಕಿನ್ನ ಕಂಡ್ರ ಓಡಿ ಬರೂವು. ಆಕಿ ಡಬ್ಬಿ ತಗದ್ರ ಸ್ಟಾಫ್ ರೂಮ್ ತುಂಬ ವಾಸನಿ. ನನಗೂ ಬಡಸಾಕಿ, ನಾ ಉಣ್ತಿದ್ದೆ, ಉಂಡು ಇನ್ನೂ ಹೊಟ್ಟಿ ಉರೀತಿತ್ತು. ಅದು ಖಾರದ ಉರಿ ಅಲ್ಲ ಮತ್ತ.

ಆ ವರ್ಷ ನಮ್ಮ ಹೆಡ್‌ಮಾಸ್ತರಿಗೆ ಒಂದು ಕಲ್ಪನಾ ಬಂತು. ಸಾಲಿ ಹಿಂದ ಪಡಾ ಬಿದ್ದ ಜಾಗಾ ಇತ್ತು, ಸ್ವಲ್ಪ ಇಳಕಲು. ಅದರ ನಡುವ ಹಗ್ಗ ಕಟ್ಟಿಸಿ ಎರಡು ತುಂಡು ಮಾಡಿದ್ರು. ಮ್ಯಾಲಿನ ತುಂಡು ನಂದು, ಕೆಳಗಿಂದು ಆಕೀದು. ಏನೂ ಬಿತ್ತೂದಿಲ್ಲ, ಬರೇ ನೋಡೂದು. ಯಾವ ಮಳಿಗೆ ಯಾವ ಹುಲ್ಲು ಏಳ್ತೈತಿ, ಯಾವಾಗ ಒಣಗತೈತಿ, ಮಣ್ಣಾಗ ಹಸಿ ಎಷ್ಟು ಉಳೀತೈತಿ. ಹುಡುಗರು ಕಣ್ಣು ಬಿಟ್ಟು ನೋಡೂದು ಕಲೀಲಿ ಅಂದ್ರು. ವರ್ಷ ತುಂಬಿದ ಮ್ಯಾಲ ಸಾಲಿ ಕಮಿಟಿಯವರು ಬಂದು ಆ ತುಂಡು ನೋಡ್ತಾರು, ಅದರ ಮ್ಯಾಲ ಕಾಯಂ ಯಾರದು ಅನ್ನೂದು ತೀರ್ಮಾನ ಆಕ್ಕೈತಿ ಅಂತನೂ ಅಂದ್ರು. ಆವತ್ತಿಂದ ಅದು ನನಗ ಸಾಲಿ ಜಾಗಾ ಅಲ್ಲ, ನನ್ನ ಹಣಿಬರಾ.

ಈಗಿನಂಗ ಕಡ್ಡಿ ಇರಲಿಲ್ಲವಾ ಆವಾಗ. ಪ್ರತಿ ಶನಿವಾರ ಸಾಲಿ ಬಿಟ್ಟ ಮ್ಯಾಲ ಹಾರಿ ತಗೊಂಡು ಮೊಳಕೈ ಇಳಿಯೂ ಅಷ್ಟು ಆಳ ತಗ್ಗು ತಗೀಬೇಕು, ತಳದ ಮಣ್ಣು ಒಂದು ಮುಟಿಗಿ ತರಬೇಕು, ಅಕ್ಕಸಾಲಿಗರ ಸಣ್ಣ ತಕ್ಕಡಿ ಇಸಕೊಂಡು ತೂಗಬೇಕು, ತವಾ ಮ್ಯಾಲ ಹುರದು ಮತ್ತ ತೂಗಬೇಕು. ಎಷ್ಟು ಹಗೂರ ಆತೋ ಅಷ್ಟು ನೀರು. ನಾ ಇದ್ದ ಖೋಲಿ ಮಾಲಕಿ ಬಸವ್ವಾಯಿ ಬಾಗಲದಾಗ ನಿಂತು ನೋಡಾಕಿ. ರೊಟ್ಟಿ ಬೇಯಸೂ ತವಾದಾಗ ಮಣ್ಣು ಹುರೀತಿ, ನಾಳಿ ಅದರಾಗ ರೊಟ್ಟಿ ಮಾಡ್ತಿ, ನಿನ್ನ ಗಂಡಗ ದೇವರು ಗಟ್ಟಿ ಹಲ್ಲು ಕೊಟ್ಟಿರಲಿ ಅನ್ನಾಕಿ. ನಾನು ಬೇರೆ ತವಾ ತಗೊಂಡೆ. ಅದು ಈಗೂ ಐತಿ, ಗ್ವಾಡಿ ಮಾಡದಾಗ.

ಈಗ ನೋಡು, ನನ್ನ ತುಂಡಿನ ಮಣ್ಣು ತಂದ್ರ ಸಾಕಿತ್ತು. ಆದ್ರ ನನಗ ತಡೀಲಿಲ್ಲ. ಆಕೀ ತುಂಡಿನ್ಯಾಗ ನನ್ನದಕ್ಕಿಂತ ಜಾಸ್ತಿ ಹಸಿ ಇದ್ರ? ಮೊದಲ ಶನಿವಾರನ ಹಗ್ಗ ದಾಟಿದೆ. ಆಕೀ ಕಡೆ ಒಂದು ತಗ್ಗು ತಗದು ಒಂದು ಮುಟಿಗಿ ತಂದು ಹುರದೆ. ಎರಡೂ ಒಂದ ಬಂದ್ವು. ನಿದ್ದಿ ಹತ್ತಿತು. ಮುಂದಿನ ವಾರ ಮತ್ತ ಸಂಶೆ. ಹಿಂಗ ವಾರಾ ವಾರಾ ಎರಡೂ ಕಡೆ ಮಣ್ಣು ತಂದೆ, ಎರಡೂ ಹುರದೆ. ಕದ್ದು ಅಲ್ಲ, ಆಕಿ ಕಣ್ಣ ಮುಂದ. ಆಕಿ ಸಿಟ್ಟಾಗಬೇಕಿಲ್ಲೋ? ನಕ್ಕೋತ, ತಗೋಬೇ ಗಿರಿಜಾ, ಸಣ್ಣ ಮುಟಿಗಿ ಯಾಕ, ದೊಡ್ಡದು ತಗೋ ಅನ್ನಾಕಿ. ಆಕಿ ಮಾತ್ರ ನನ್ನ ಕಡೆ ಒಮ್ಮಿನೂ ಬಂದು ಅಗೀಲಿಲ್ಲ. ನನ್ನ ತುಂಡು ನೋಡೂವಷ್ಟು ಸುದ್ದಾ ನಾ ಆಕಿಗೆ ಲೆಕ್ಕಕ್ಕಿಲ್ಲ ಅಂತ ಅದಕ್ಕೂ ಉರೀತಿತ್ತು.

ಬ್ಯಾಸಗಿ ಬಂತು. ಜ್ವಾಳಾ ಕೊಯ್ದು ಸುತ್ತ ಹೊಲ ಎಲ್ಲಾ ಬಯಲಾದ್ವು. ಎರಿ ಭೂಮಿ ಬ್ಯಾಸಗ್ಯಾಗ ಬಿರೀತೈತಿ, ಅದು ನಿನಗ ಹುಟ್ಟಿದಾಗಿಂದ ಗೊತ್ತು, ನನಗ ಗೊತ್ತಿರಲಿಲ್ಲ. ನಮ್ಮ ಕೆಂಪು ಮಣ್ಣು ಒಣಗತೈತಿ, ಸೀಳೂದಿಲ್ಲ. ಇಲ್ಲಿ ನನ್ನ ತುಂಡು ಇಷ್ಟಗಲ, ಕೈ ಇಳಿಯೂವಷ್ಟು ಸೀಳಿತು. ಹುಡುಗರ ಚೆಂಡು ಒಂದು ಒಳಗ ಹೋದದ್ದು ಮ್ಯಾಲ ಬರಲೇ ಇಲ್ಲ. ನಾ ಹೆದರಿದೆ. ನನ್ನ ನೆಲಾ ಹರಕೊಂಡು ಹೋತು, ಕಮಿಟಿಯವರು ಇದನ್ನ ನೋಡಿದ್ರ ಏನಂತಾರು? ಪುಸ್ತಕ ತಗದು ನೋಡಿದೆ, ಬಿರುಕಿನೊಳಗಿಂದ ಗಾಳಿ ಆಡಿ ಮಣ್ಣಿನ ಹಸಿ ಆರತೈತಿ ಅಂತ ಇತ್ತು. ಅದು ಖರೇನೂ ಹೌದು. ಸೂಟಿಯೊಳಗ ಊರಿಗೂ ಹೋಗಲಿಲ್ಲ ನಾನು. ಬಿಸಲಾಗ ಕುಂತು, ಬುಟ್ಟಿಲೆ ಪುಡಿ ಮಣ್ಣು ಹಾಕಿ ಹಾಕಿ ಒಂದೊಂದ ಬಿರುಕು ಮುಚ್ಚಿದೆ. ಮ್ಯಾಲ ನೀರು ಚಿಮುಕಿಸಿ, ಬಡದು, ನಮ್ಮ ಕಡೆ ಕಣಾ ಮಾಡ್ತಾರಲ್ಲ, ಹಂಗ ಸಪಾಟ ಮಾಡಿದೆ. ಹಗ್ಗದ ಈ ಕಡೆ ನಂದು ಸಾರಿಸಿದ ಪಡಸಾಲಿ ಇದ್ದಂಗ, ಆ ಕಡೆ ಆಕೀದು ಹರಕ ಕೌದಿ ಇದ್ದಂಗ. ಹೆಡ್‌ಮಾಸ್ತರು ಬಂದು ನೋಡಿ ಛಲೋ ಕಾಣತೈತಿ ಅಂದ್ರು. ಆ ಒಂದು ದಿನ ನನಗ ಯಾರ ಮ್ಯಾಲೂ ಹೊಟ್ಟಿಕಿಚ್ಚು ಇರಲಿಲ್ಲ.

ಮೆಹರುನ್ ಬಂದ್ಲು. ನೋಡಿದ್ಲು. ಆವತ್ತು ನಗಲಿಲ್ಲ.

"ಗಿರಿಜಾ, ಎರಿಗೆ ಬಾಯಿ ಬೇಕವಾ. ಮಳಿಗಿಂತ ಮೊದಲ ಮುಚ್ಚಬಾರದು."

"ಹಸಿ ಆರತೈತಿ, ಅದಕ್ಕ ಮುಚ್ಚೀನಿ."

"ಬ್ಯಾಸಗ್ಯಾಗ ಉಳದ ಹಸಿ ಎಷ್ಟು, ಬರೂ ಮಳಿ ಎಷ್ಟು? ನಮ್ಮಪ್ಪನ್ನ ಕೇಳ ಬೇಕಾದ್ರ."

ನಾ ಕೇಳಲಿಲ್ಲ. ನನ್ನ ತುಂಡು ಛಲೋ ಕಂಡಿದ್ದಕ್ಕ ಆಕಿಗೆ ಹೊಟ್ಟಿಕಿಚ್ಚು ಬಂದೈತಿ ಅಂತ ತಿಳಕೊಂಡೆ. ಕಾಮಣಿ ಕಣ್ಣಿಗೆ ಊರೆಲ್ಲಾ ಹಳದಿ ಅಂತಾರಲ್ಲ, ಹಂಗ.

ಆಮ್ಯಾಲ ಅಡ್ಡಮಳಿ ಬಂತು. ಮಧ್ಯಾಹ್ನ ಮೋಡ ಕಟ್ಟಿ, ಗಾಳಿ ಬೀಸಿ, ಆಣಿಕಲ್ಲು ಬಿದ್ದು, ಆಮ್ಯಾಲ ಹೊಯ್ಯಿತು ನೋಡು, ಹಂಚು ಹಾರೂ ಹಂಗ. ನಾ ಸಾಲಿ ಪಡಸಾಲ್ಯಾಗ ನಿಂತು ನೋಡ್ತಿದ್ದೆ. ನನ್ನ ತುಂಡಿನ ಮ್ಯಾಲ ನೀರು ನಿಲ್ಲಲಿಲ್ಲ, ಇಳೀಲಿಲ್ಲ. ಸಪಾಟ ನೆಲದ ಮ್ಯಾಲ ಜಾರಿ, ಹಗ್ಗದ ಬುಡಕ ಹಾದು, ಆಕೀ ತುಂಡಿಗೆ ಹೋತು. ಆಕೀ ಬಿರುಕು ಎಲ್ಲಾ ಬಾಯಿ ತಕ್ಕೊಂಡು ಕುಂತಿದ್ವು, ಗುಟುಗುಟು ಕುಡದ್ವು. ಆಕೀ ಮಳಿ ಆಕಿಗೆ ಹೋಗ್ಲಿ ಬಿಡು. ನನ್ನ ಮಳಿನೂ ಆಕಿಗೆ ಹೋತಲ್ಲ. ದೇವರೂ ಆಕೀ ಡಬ್ಬಿ ರುಚಿ ನೋಡ್ಯಾನು ಅನಿಸಿತು ನನಗ.

ಅದರ ಮ್ಯಾಲ ಮಳಿ ಇಲ್ಲ. ರೋಹಿಣಿ ಮಳಿ ಒಣಾ ಹೋತು. ಸಾಲಿ ಸುರು ಆಗಿ ಕಮಿಟಿಯವರು ಬಂದಾಗ ಆಕೀ ತುಂಡು ಹಸರು ಹುಲ್ಲು, ನನ್ನದು ಬೋಳು ತಲಿ. ಕಮಿಟಿ ಹಿರಿಯ ಗೌಡ್ರು, ಪಟಕಾ ಸುತ್ತಿದ ದೊಡ್ಡ ಮನಶ್ಯಾ, ಇಬ್ಬರ ತುಂಡಿನ್ಯಾಗೂ ತಗ್ಗು ತಗಸಿದ್ರು. ಆಕೀದು ಮೊಳಕೈ ಆಳದಾಗ ಉಂಡಿ ಕಟ್ಟೂ ಹಂಗ ಹಸಿ. ನನ್ನದು ಪುಡಿ. ಗೌಡ್ರು ಆಕೀ ಕಡೆ ತಿರುಗಿ, ನಿನ್ನ ಜಾಗಾ ಮೊದಲಿಂದನೂ ತಂಪು ಇದ್ದೀತು, ಅದರಾಗ ನಿನ್ನ ಶಾಣ್ಯಾತನ ಏನು ಅಂತ ಕೇಳಿದ್ರು. ಅವರು ಚೇಷ್ಟಿ ಮಾಡೂ ಮನಶ್ಯಾ. ಮೆಹರುನ್ ಸುಮ್ಮನ ನಿಂತ್ಲು. ಆಕಿಗೆ ಆಕೀ ತುಂಡು ಅಷ್ಟ ಗೊತ್ತು, ನನ್ನದು ಹೆಂಗಿತ್ತು ಅಂತ ಏನ ಹೇಳಬೇಕು?

ನಾನೂ ಸುಮ್ಮನ ಇರಬಹುದಾಗಿತ್ತು. ಇದ್ದಿದ್ರ ಏನಾಕ್ಕಿತ್ತೋ. ಆದ್ರ ಬಿ.ಎಸ್ಸಿ. ಮಾಡಿದ ಬಾಯಿ, ತಪ್ಪು ಕೇಳಿ ಸುಮ್ಮನ ಇರಲಿಲ್ಲ.

"ಇಲ್ರಿ. ಎರಡೂ ಕಡೆ ಮೊದಲು ಒಂದ ಹಸಿ ಇತ್ತು. ಬ್ಯಾಸಗ್ಯಾಗ ನಾ ಬಿರುಕು ಮುಚ್ಚಿದೆ, ಈಕಿ ಮುಚ್ಚಲಿಲ್ಲ. ಅದೊಂದ ಫರಕು."

"ನಿನಗ ಹೆಂಗ ಗೊತ್ತವಾ?"

"ವಾರಾ ವಾರಾ ಈಕೀ ಮಣ್ಣೂ ತಂದು ಹುರದೀನ್ರಿ."

"ಯಾರು ಹೇಳಿದ್ರು ಹುರಿ ಅಂತ?"

"ಯಾರೂ ಹೇಳಿಲ್ರಿ. ತಡೀಲಿಲ್ಲ."

ಗೌಡ್ರು ಪಟಕಾ ಬಿಚ್ಚಿ ಮಾರಿ ಒರಸಿಕೊಂಡು ನಕ್ಕ್ರು. ಹೆಡ್‌ಮಾಸ್ತರು ನಕ್ಕ್ರು. ಮೆಹರುನ್ ನಗಲಿಲ್ಲ, ನನ್ನ ನೋಡಿದ್ಲು. ಕಾಯಂ ಆಕೀದ ಆತು. ಆಗಬೇಕಾದ್ದ ಅದು. ಹುಲ್ಲು ಆಕೀ ಕಡೆ ಇತ್ತು.

ಅಣ್ಣ ಬಂದ. ಟ್ರಂಕು ಕಟ್ಟಿದ್ದೆ. ಮರುದಿನ ಬಸ್ ಸ್ಟ್ಯಾಂಡಿಗೆ ಬಂದು ನಿಂತ್ವಿ, ಮೃಗಾ ಮಳಿ ಆವತ್ತ ಕೂಡಬೇಕಾ? ಬಸ್ಸು ಊರೊಳಗ ಬರಲಿಲ್ಲ, ಎರಿ ಹಾದಿ, ಗಾಲಿ ಹೂತು ಹೋಕ್ಕಾವು. ಅಣ್ಣ ಚಹಾದ ಅಂಗಡ್ಯಾಗ ಟ್ರಂಕಿನ ಮ್ಯಾಲ ಕುಂತು, ಕೈಯಾಗ ಚಪ್ಪಲಿ ಹಿಡಕೊಂಡು, ಈ ಮಣ್ಣಾಗ ಮನಶ್ಯಾರು ಇರತಾರೇನು ಅಂತ ಗೊಣಗತಿದ್ದ. ಅಷ್ಟರಾಗ ಮೆಹರುನ್ ಬಂದ್ಲು, ಸೆರಗು ತಲಿ ಮ್ಯಾಲ ಹೊತ್ತು, ಕಾಲು ತುಂಬ ಕೆಸರು. ಅಣ್ಣಗ ನಮಸ್ಕಾರ ಮಾಡಿ ಹೇಳಿದ್ಲು, ಹೆಡ್‌ಮಾಸ್ತರ ಹಂತೇಕ ಹೋಗಿ ಬಂದೀನ್ರಿ ಅಣ್ಣಾರ, ಎರಡು ತುಂಡು ನೋಡೂದು ಒಬ್ಬಾಕಿ ಕೈಲೆ ಆಗೂದಿಲ್ಲ ಅಂದೀನಿ, ಇನ್ನೊಂದು ವರ್ಷ ಈಕಿನ್ನ ಇಟಕೋತೇವಿ ಅಂದಾರು. "ಕಾಯಂ ಅಂದಿದ್ದೆ ನಾನು," ಅಂದ ಅಣ್ಣ.

ನಾನು ಆಕಿನ್ನ ಕೇಳಿದ್ದು ಬ್ಯಾರೇನ.

"ನನ್ನ ತುಂಡಿನ ನೀರು ಈಗೂ ನಿನ್ನ ಕಡೆ ಹರೀತೈತೇನು?"

"ನನಗೇನ ಗೊತ್ತಬೇ. ಬಾ, ನೋಡೂಣು."

ಹೋದ್ವಿ. ಮಳಿಯಾಗ, ಬರಿಗಾಲಲೆ. ಹರೀತಿತ್ತು, ಆದ್ರ ಸ್ವಲ್ಪ. ನಾ ಮುಚ್ಚಿದ್ದ ಪುಡಿ ಮಣ್ಣು ಅಲ್ಲಲ್ಲೆ ಕುಸದು ಸಣ್ಣ ಸಣ್ಣ ಬಾಯಿ ಬಿಟ್ಟಿದ್ವು. ಇಬ್ಬರೂ ಕುಂತು ಕೈಲೆ ಕೆದರಿ ಅವನ್ನ ದೊಡ್ಡವು ಮಾಡಿದ್ವಿ. ತಿರುಗಿ ಬಂದಾಗ ಮೊಣಕಾಲ ತನಕ ಕರಿ ಮಣ್ಣು. ಅಣ್ಣ ಮಿರ್ಚಿ ತಿಂತಿದ್ದ. ನನ್ನ ಮ್ಯಾಲಿಂದ ಕೆಳಗ ನೋಡಿದ. "ಈ ಅವತಾರದಾಗ ಯಾರಿಗೆ ತೋರಸ್ಲಿ ನಿನ್ನ? ಇನ್ನೊಂದು ವರ್ಷ. ಅಷ್ಟ," ಅಂದು ಟ್ರಂಕು ಬಿಟ್ಟು ಟಾರ್ ಹಾದಿ ತನಕ ನಡಕೋತ ಹೋದ.

ಆ ಒಂದು ವರ್ಷದ ಮ್ಯಾಲನ ಅಣ್ಣಿಗೇರಿ ಸಾಲಿ ಸಿಕ್ಕಿದ್ದು, ಕಾಯಂ ಆಗಿದ್ದು, ನಿಮ್ಮ ಅಜ್ಜಾರು ಸಿಕ್ಕಿದ್ದು, ನೀ ಇಲ್ಲಿ ಕಟ್ಟಿ ಮ್ಯಾಲ ಕುಂತಿದ್ದು. ಎಲ್ಲಾ ಆಕಿಂದ. ಅದ ನನಗ ನುಂಗಾಕ ಆಗೂದಿಲ್ಲ. ಮಾರ್ಕ್ಸಿನ್ಯಾಗ ಮ್ಯಾಲ ಇರು, ಅಡಗ್ಯಾಗ ಇರು, ಹುಲ್ಲಿನ್ಯಾಗ ಇರು, ನಾ ತಡಕೋತೀನಿ. ಒಳ್ಳೇತನದಾಗೂ ನನಗಿಂತ ಒಂದು ಬೆರಳು ಮ್ಯಾಲ ಇರಬೇಕಾ? ಈಗೂ ಮಳಿ ಕೂಡಿದ್ರ ಫೋನ ಹಚ್ಚತಾಳ, ನಮ್ಮಲ್ಲಿ ಹದಾ ಮಳಿ ಆತು ಗಿರಿಜಾ, ನಿಮ್ಮಲ್ಲಿ? ಅಂತಾಳ. ನಾ ಫೋನ ಹಿಡಕೊಂಡ ಅಂಗಳಕ ಬಂದು ಮ್ಯಾಲ ನೋಡ್ತೀನಿ. ಒಂದು ಹನಿ ಇರೂದಿಲ್ಲ. ಆತವಾ, ಭಾಳ ಆತು ಅಂತೀನಿ.

ಅದಕ್ಕ ಹೇಳೂದು. ಹೊಟ್ಟಿಕಿಚ್ಚು ಬಂದ್ರ ಬರಲಿ, ಬಾಜೂನ ತುಂಡು ನೋಡು, ಆದ್ರ ಮ್ಯಾಲಿಂದ ನೋಡಿ ಉರಕೋಬ್ಯಾಡ. ಮೊಳಕೈ ತನಕ ಕೈ ಹಾಕಿ ನೋಡು. ನಿನ್ನ ಗೆಳತಿ ಕಡ್ಡಿ ಖರೇ ಹೇಳತೈತೋ ಇಲ್ಲೋ ಯಾರಿಗೆ ಗೊತ್ತು. ಹೋಗು, ಮಾಡದಾಗ ಆ ತವಾ ಐತಿ, ತಗೊಂಬಾ, ನಾವೂ ಮಣ್ಣು ಹುರದು ನೋಡೂಣು. ಮೊದಲ ರೊಟ್ಟಿ ಉಣ್ಣು.