ಹುಳವಿಲ್ಲದ ಅವರೆಕಾಯಿ

ಕೆಂಗೇರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ತಿರುಮಳಪ್ಪನ ಮುಂದೆ, ಪುಟ್ಟಕ್ಕ ಅವರೆಕಾಯಿ ಕುಕ್ಕೆ ಇಳಿಸಿಕೊಂಡು ಕೂತಿದ್ದಳು. ಪೇಟೆಯ ಹೆಂಗಸೊಬ್ಬಳು ಒಂದು ಕಾಯಿ ಸುಲಿದು ನೋಡಿದಳು.

“ಒಂದೂ ಹುಳ ಇಲ್ವಲ್ಲ! ಬಸುರಿ ಸೊಸೆ ಬಯಸ್ತಿದಾಳೆ, ನಂಗೇ ಕೊಡಮ್ಮ.”

“ಬ್ಯಾಡ ಕಣವ್ವ. ಮೊನ್ನೆ ತಾನೆ ಹುಳದ ಪುಡಿ ಎರಚಿದೀವಿ. ಮಂಜಿಗೆ ಕಾಯಿಗೆಲ್ಲ ಅಂಟ್ಕಂಡದೆ.”

“ತೊಳ್ಕೋತೀನಿ ಬಿಡು.”

“ಆ ಗಿಡದ ಸೊಪ್ಪು ತಿಂದ ನಮ್ಮ ಮೇಕೆ ಮತ್ತೆ ಏಳ್ಲಿಲ್ಲ.”

“ಅಯ್ಯೋ! ಮತ್ಯಾಕೆ ಎರಚಿದ್ರಿ?”

“ಎರಚ್ದೆ ಇದ್ರೆ ಹುಳ ಬಿಡ್ತಿತ್ತಾ?”

“ಇಷ್ಟು ಬೇಗ ಯಾಕೆ ಕಿತ್ತೆ?”

“ಬಲಿತ್ರೆ ಯಾರೂ ಮುಟ್ಟಲ್ಲ. ಇದ ಮಾರಿದ್ರೇನೆ ಮನೇಗೆ ರಾಗಿ.”

“ಯಾರಿಗೆ ಮಾರ್ತೀಯ ಹಾಗಾದ್ರೆ?”

“ಯಾರ್ಗೆ ಅಂತ ಹೇಳ್ದೇನೆ ತಗೊಳ್ಳೋರ್ಗೆ.”

ಹೆಂಗಸು ಸುಲಿದ ಕಾಯಿಯನ್ನು ಮೆಲ್ಲಗೆ ಕುಕ್ಕೆಗೇ ಹಾಕಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಪೇಟೆಗೆ ಹೋಗುವ ಬಸ್ಸು ಬಂತು. ಕುಕ್ಕೆಗೊಂದು ಕೈ ಹಾಕಣ್ಣ ಎಂದು ಪುಟ್ಟಕ್ಕ ತಿರುಮಳಪ್ಪನನ್ನು ಕೇಳಿದಳು. ಅವನು ಎತ್ತಿಕೊಟ್ಟ.