ಎಲೆ ಎತ್ತುವ ಮುನ್ನ

ಅಧ್ಯಕ್ಷರಾದ ದಿನೇಶ್ ಅವರೇ, ಶಿಕಾಗೋದಿಂದ ಇಲ್ಲಿಯವರೆಗೆ ಡ್ರೈವ್ ಮಾಡಿಕೊಂಡು ಬಂದ ಅತಿಥಿಗಳೇ, ಹಸಿದಿದ್ದರೂ ಎದ್ದುಹೋಗದ ಸಭಿಕರೇ,

ನಮ್ಮ ಕನ್ನಡ ಸಂಘದ ಹಿರಿಯನೆಂದು ನನ್ನನ್ನು ಸನ್ಮಾನಿಸಿದ್ದೀರಿ, ಸಂತೋಷ. ನನ್ನ ಭಾಷಣ ನಾಲ್ಕು ಗಂಟೆಗೆ ಎಂದಿದ್ದರು. ಅದನ್ನು ನಂಬಿ ಮೂರೂವರೆಗೇ ಮಾತ್ರೆ ನುಂಗಿದೆ. ಈಗ ಏಳಾಗುತ್ತಿದೆ! ಇಲ್ಲೇ ವಾರೆನ್‌ನ ಕಾರು ಕಂಪನಿಯಲ್ಲಿ ಜೀವನವಿಡೀ ಕಾರಿನ ಬ್ರೇಕು ಪರೀಕ್ಷಿಸಿದವನು ನಾನು. ನಮ್ಮವರ ಸ್ವಾಗತ ಭಾಷಣಕ್ಕೆ ಹಾಕುವ ಬ್ರೇಕು ಮಾತ್ರ ಸಿಗಲಿಲ್ಲ. ನಗಿ, ಪರವಾಗಿಲ್ಲ. ಆದರೆ ಎಡರೆಪ್ಪೆ ಆಗಲೇ ಇಳಿಯುತ್ತಿದೆ. ಈಗಷ್ಟೇ ನುಂಗಿದ ಇನ್ನೊಂದು ಮಾತ್ರೆ ಹಿಡಿಯಲು ಅರ್ಧ ಗಂಟೆ ಬೇಕು. ಅಷ್ಟರೊಳಗೆ ನಾಲಿಗೆ ಸೋತೀತು. ಅದಕ್ಕೆ ಮೊದಲು ಒಂದು ಮಾತು ಹೇಳಲೇಬೇಕು.

ಏನಿದು ಮಾತ್ರೆ? ನರವು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಕಳಿಸಿ ಸ್ನಾಯುವಿಗೆ ಕೆಲಸ ಹೇಳುತ್ತದೆ. ಅದನ್ನು ತಕ್ಷಣ ಒಡೆದುಹಾಕುವ ಕಿಣ್ವವೂ ಅಲ್ಲೇ ಇರುತ್ತದೆ. ನನ್ನ ಸ್ನಾಯುಗಳಲ್ಲಿ ಆ ರಾಸಾಯನಿಕವನ್ನು ಬರಮಾಡಿಕೊಳ್ಳುವ ಜಾಗಗಳಲ್ಲಿ ಎಷ್ಟೋ ಹಾಳಾಗಿವೆ. ನಮ್ಮ ಸಂಘದ ಊಟದಲ್ಲಿ ಪಾಯಸ ಮುಗಿಯುವ ಮೊದಲೇ ಎಲೆ ಎತ್ತುವ ಗಿರೀಶನನ್ನು ನೋಡಿದ್ದೀರಲ್ಲ? ಆ ಕಿಣ್ವವೂ ಅವನ ಹಾಗೇ. ಬೇಗ ಉಣ್ಣುವವರಿಗೆ ತೊಂದರೆಯಿಲ್ಲ. ನನ್ನ ಸ್ನಾಯುಗಳಂಥ ನಿಧಾನದವರ ಗತಿ? ಈ ಮಾತ್ರೆ ಹೊಸದಾಗಿ ಪಾಯಸ ಬಡಿಸುವುದಿಲ್ಲ. "ತಡಿಯೋ ಗಿರೀಶ, ಅಂಕಲ್ ಇನ್ನೂ ತಿಂತಿದಾರೆ" ಎಂದು ಅವನ ಕೈ ಹಿಡಿಯುತ್ತದೆ. ಕಾಯಿಲೆ ವಾಸಿಯಾಗುವುದಿಲ್ಲ. ಸ್ವಲ್ಪ ಹೊತ್ತು ಸಿಗುತ್ತದೆ, ಅಷ್ಟೇ.

ಈ ಕಾಯಿಲೆ ಇದೆಯೆಂದು ತಿಳಿಯುವ ಮೊದಲು, ಒಂದು ಯುಗಾದಿಯ ಸಂಜೆ, ಇದೇ ಹಾಲ್‌ನಲ್ಲಿ ವಂದನಾರ್ಪಣೆಗೆ ನಿಂತಿದ್ದೆ. ಮಾತು ತೊದಲಿತು, ಕಣ್ಣು ಅರ್ಧ ಮುಚ್ಚಿತು. ಹಿಂದಿನಿಂದ ಕೇಳಿಸಿತು: "ಅಂಕಲ್ ಇವತ್ತು ಜೋರಾಗೇ ಹಾಕ್ಕೊಂಡು ಬಂದಿದಾರೆ." ಯಾರೆಂದು ಹೇಳುವುದಿಲ್ಲ. ಒಂದು ಹನಿ ಮುಟ್ಟದವನು ನಾನು! ಎಷ್ಟು ನೊಂದೆ ಗೊತ್ತೇ? ಆಮೇಲೆ ನಮ್ಮನ್ನು ಮನೆಗೆ ಕರೆಯುವವರೂ ಕಡಿಮೆಯಾದರು.

ನನ್ನ ಹೆಂಡತಿ ಪ್ರಭಾ ಮಾತ್ರ ಬೇರೆಯೇ ಗಮನಿಸಿದ್ದಳು. "ರೀ, ಬೆಳಿಗ್ಗೆ ಸಹಸ್ರನಾಮ ಪಟಪಟಾಂತ ಹೇಳ್ತೀರ. ಸಾಯಂಕಾಲ ಅದೇ ನಾಲಿಗೆ ಎಳೆಯತ್ತೆ. ಇದೇನೋ ಕಾಯಿಲೆ, ನಡೀರಿ ಡಾಕ್ಟರ್ ಹತ್ರ." ಬರೀ ಸ್ಟ್ರೆಸ್ ಎಂದ ಡಾಕ್ಟರಿಗೆ ಬೆಳಗಿನ ವಿಡಿಯೋ, ಸಂಜೆಯ ವಿಡಿಯೋ ಎರಡನ್ನೂ ತೋರಿಸಿ, ಪರೀಕ್ಷೆ ಬರೆಸಿಕೊಂಡೇ ಎದ್ದಳು. ಅದರಲ್ಲೇ ಕಾಯಿಲೆ ಗೊತ್ತಾಯಿತು. ಜನ ಆಡಿಕೊಳ್ಳುತ್ತಿದ್ದ ಆ ದಿನಗಳಲ್ಲೂ ಪ್ರತಿ ಕಾರ್ಯಕ್ರಮಕ್ಕೆ ನನ್ನ ತೋಳು ಹಿಡಿದು ಮೊದಲ ಸಾಲಿಗೇ ಕರೆತಂದಳು, ಯಾರು ಬೇಕಾದರೂ ನೋಡಲಿ ಎಂದು.

ನೀವು ಹೊದಿಸಿದ ಈ ಶಾಲು ಅವಳದು. ಇದನ್ನು ಇದೇ ಹಾಲ್‌ನಲ್ಲಿ, ನನ್ನ ಬಾಯಿಂದಲೇ, ಸ್ಪಷ್ಟವಾಗಿ ಹೇಳಬೇಕಿತ್ತು. ಹೇಳಿದೆ. ಇನ್ನು ತೊದಲಿದರೆ ತೊದಲಲಿ.

ಕಾದು ಕೇಳಿದ ನಿಮಗೆಲ್ಲ ಋಣಿ. ಮುಗಿಯೋಣವೆಂದರೆ ಕೈ ಮೇಲೇಳುತ್ತಿಲ್ಲ... ಪ್ರಭಾ, ಬಾರೇ ಇಲ್ಲಿ. ನನ್ನ ಎರಡೂ ಕೈ ಸೇರಿಸಿ ಹಿಡ್ಕೋ.

ಹಾಂ. ನಮ್ಮಿಬ್ಬರ ನಮಸ್ಕಾರ.