ಹಿಂದಿನ ಎಡ ಚಕ್ರ

ಭದ್ರಾವತಿಯ ಗ್ಯಾರೇಜಿನ ಪಕ್ಕದ ಚಹಾ ಅಂಗಡಿಯಲ್ಲಿ ಇರಂ ತಲೆ ತಗ್ಗಿಸಿಕೊಂಡು ಲೋಟ ತೊಳೆಯುತ್ತಿದ್ದಳು. ನಮಾಜ್ ಮುಗಿಸಿ ಬಂದ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ದಾದಾಪೀರ್ ಉಸ್ತಾದರಿಗೆ, ಆಕ್ಸಲ್ ಪೂರ್ತಿ ಬಿಚ್ಚಿ ಕಟ್ಟಿದ್ದ ಹಳೆಯ ಫೋರ್‌ವೀಲ್ ಪಿಕಪ್ ಕಾಣಲಿಲ್ಲ. ಮೆಕ್ಯಾನಿಕ್ ಹಸ್ನೈನ್ ಮಾತ್ರ ಇದ್ದ.

"ಗಾಡಿ ಎಲ್ಲೋ?"

"ಓನರ್ ಗುರುಪ್ರಸಾದ್ ಸಾರ್ ತಗೊಂಡು ಹೋದ್ರು. ಜೊತೆಗೆ ಅವರ ಮಗಳೂ ಇದ್ಳು."

"ಆಕ್ಸಲ್ ಬಿಗಿದೋನೇ ಮೊದಲ ಟ್ರಿಪ್ಪಲ್ಲಿ ಕೂರಬೇಕು. ನೀನ್ಯಾಕೆ ಇಲ್ಲಿದೀಯ?"

"ಹೊಟ್ಟೆ ಸರಿ ಇರ್ಲಿಲ್ಲ."

"ಬೆಳಿಗ್ಗೆ ಆರು ಪರೋಟ ತಿನ್ನುವಾಗ ಸರಿ ಇತ್ತಲ್ಲ ಮಾರಾಯ."

"ಹಿಂದಿನ ಎಡ ಚಕ್ರದ ನಟ್ಟು ಸಡಿಲ ಆಗದ ಹಾಗೆ ಹಿಡಿಯೋಕೆ ಹಳೇ ಲಾಕೇ ಹಾಕಿದೀನಿ ಉಸ್ತಾದ್. ಹೊಸದು ಸಿಗ್ಲಿಲ್ಲ."

"ಬಿರುಕು ಬಿಟ್ಟಿದ್ದಾ? ಚಕ್ರಾನೇ ಕಳಚಿ ಹೋಗುತ್ತಲ್ಲೋ. ಯಾವ ಕಡೆ ಹೋದ್ರು?"

"ಗಾಜನೂರಿಗೆ."

ಹಸ್ನೈನ್ ಸ್ಕೂಟರ್ ಹೊರಡಿಸಿದ. ಹಿಂದೆ ಕೂತ ಉಸ್ತಾದರು ಗುರುಪ್ರಸಾದರಿಗೆ ಕರೆ ಮಾಡಿ, ಆ ಕಡೆ ರಿಂಗಾಗುತ್ತಲೇ ಇದ್ದ ಫೋನನ್ನು ಕಿವಿಗೆ ಒತ್ತಿಕೊಂಡು ಹೇಳುತ್ತಿದ್ದುದು ರಸ್ತೆಯ ತಿರುವಿನವರೆಗೂ ಇರಂಗೆ ಕೇಳಿಸಿತು.

"ಫೋನ್ ಎತ್ತಿ ಸಾರ್."